ಕಾಳಿಂಗರಾಯರ ಹಾಡುಗಳನ್ನು ನಾವೇ ಹಾಡಿ ಹೊರತರಬಹುದೇ?

ಪ್ರಶ್ನೆ: ನಾನು ಬ್ರಹ್ಮಾವರದ ಕಡೆಯವಳು, ನಿವೃತ್ತ ಶಿಕ್ಷಕಿ. ನಮ್ಮದು ಎಂಟು ಮಂದಿಯ ಸುಗಮ ಸಂಗೀತ ಬಳಗ. ಐವರು ಹೆಂಗಸರು, ಮೂವರು ಗಂಡಸರು. ಇಲ್ಲೇ ಪಕ್ಕದ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರ ಹತ್ತು ಹಾಡುಗಳನ್ನು ಹಾಡಿ ಒಂದು ಗೀತನಮನ ಹೊರತರಬೇಕೆಂದು ಎರಡು ವರ್ಷದ ಆಸೆ. ಕೂಡಿಸಿಟ್ಟ ಹಣ ಎರಡೂವರೆ ಲಕ್ಷ ರೂಪಾಯಿ. ಹಳೆಯ ಹಾಡುಗಳಿಗೆ ಹಕ್ಕುಗಿಕ್ಕು ಏನೂ ಇರುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಮೂಲ ಗಾಯಕರ ಹೆಸರು ಹಾಕಿ, ಲಾಭಕ್ಕಾಗಿ ಅಲ್ಲ ಎಂದು ಬರೆದರೆ ಸಾಕು ಎಂದು ಇನ್ನೊಬ್ಬರು. ಆದರೆ ಕಳೆದ ವರ್ಷ ಒಂದೇ ಒಂದು ಹಾಡನ್ನು ಯೂಟ್ಯೂಬಿಗೆ ಹಾಕಿದಾಗ ಎರಡು ದಿನದಲ್ಲಿ ಹಕ್ಕುಸ್ವಾಮ್ಯದ ಸೂಚನೆ ಬಂತು, ಹೆದರಿ ತೆಗೆದುಬಿಟ್ಟೆವು. ಈಗಿನವರು ಕೇಳಬೇಕಾದರೆ ಬೀಟ್ ಸೇರಿಸಬೇಕು ಎಂದು ನನ್ನ ಮಗ ಹೇಳುತ್ತಾನೆ. ಎಐ ಮೂಲಕ ಎರಡು ಸಾಲನ್ನು ಕಾಳಿಂಗರಾಯರ ಧ್ವನಿಯಲ್ಲೇ ತರಿಸಬಹುದು ಎಂದು ಸ್ಟುಡಿಯೋದವರೊಬ್ಬರು ಹೇಳಿದರು. ನನ್ನ ಹೆದರಿಕೆ ಎರಡು. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಕೋರ್ಟಿನ ಕಾಗದ ಬಂದೀತೇ? ಮೂಲದ ಮುಂದೆ ನಮ್ಮ ಹಾಡು ಅಣಕದಂತೆ ಕೇಳಿಸೀತೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪದ ‘ಅಣಕ’. ನೋಟಿಸಿನ ಹೆದರಿಕೆ ಎಲ್ಲರಿಗೂ ಇರುತ್ತದೆ. ತಾನು ಹಾಡಿದ್ದರಿಂದ ಮೂಲ ಹಾಡಿಗೆ ಕುಂದು ಬಂದೀತೇ ಎಂದು ಹೆದರುವವರನ್ನು ನಾನು ಕಂಡದ್ದು ಕಡಿಮೆ. ಮಂಗಳೂರಿನಲ್ಲಿ ವಾದ್ಯ ಸಂಯೋಜನೆ, ಧ್ವನಿಮುದ್ರಣ ಎಂದು ಮೂವತ್ತು ವರ್ಷ ಕಳೆದ ನನಗೆ ಈ ಹೆದರಿಕೆಯೇ ಒಳ್ಳೆಯ ಗೀತನಮನದ ಮೊದಲ ಲಕ್ಷಣವಾಗಿ ಕಾಣುತ್ತದೆ. ಎರಡಕ್ಕೂ ಉತ್ತರಿಸುತ್ತೇನೆ. ಆದರೆ ಕಾಗದಪತ್ರದ ವಿಷಯ ಇತ್ಯರ್ಥವಾಗದೆ ಸ್ಟುಡಿಯೋದ ಮೆಟ್ಟಿಲು ಹತ್ತಬಾರದು, ಹಾಗಾಗಿ ಅದು ಮೊದಲು.

ಹಳೆಯ ಹಾಡಿಗೆ ಹಕ್ಕಿಲ್ಲ ಎಂಬ ಮಾತು ಅರ್ಧ ನಿಜ, ಆದ್ದರಿಂದಲೇ ಅಪಾಯಕಾರಿ. ನಾವು ಒಂದು ಹಾಡು ಎಂದು ಕರೆಯುವುದು ಕಾನೂನಿನ ಕಣ್ಣಿಗೆ ಮೂರು ಬೇರೆ ಬೇರೆ ಸ್ವತ್ತು. ಕವಿ ಬರೆದ ಪದ್ಯ ಒಂದು, ಅದಕ್ಕೆ ಹಾಕಿದ ರಾಗ ಸಂಯೋಜನೆ ಇನ್ನೊಂದು, ಗಾಯಕರು ಹಾಡಿ ಗ್ರಾಮಫೋನ್ ತಟ್ಟೆಯ ಮೇಲೆ ಕೂತ ಧ್ವನಿಮುದ್ರಣ ಮೂರನೆಯದು. ಮೂರಕ್ಕೂ ಒಡೆಯರು ಬೇರೆಯಾಗಿರಬಹುದು, ಮೂರೂ ಬೇರೆ ಬೇರೆ ದಿನ ಮುಕ್ತವಾಗುತ್ತವೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಪದ್ಯದ ಹಕ್ಕು, ರಾಗದ ಹಕ್ಕು ಹಾಗಲ್ಲ; ಕರ್ತೃ ಬದುಕಿರುವಷ್ಟು ಕಾಲ, ತೀರಿಕೊಂಡ ಮರುವರ್ಷದ ಆರಂಭದಿಂದ ಮತ್ತೆ 60 ವರ್ಷ.

1964ರ ಕೊನೆಯೊಳಗೆ ಪ್ರಕಟವಾದ 78 ಆರ್‌ಪಿಎಂ ತಟ್ಟೆ ನಿಮ್ಮ ಮನೆಯಲ್ಲಿದ್ದರೆ ಆ ಧ್ವನಿಮುದ್ರಣ ಈಗ ಮುಕ್ತ. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಈ ಒಂದು ಪದರದ ಬಗ್ಗೆ. ಆದರೆ ನೀವು ಆ ತಟ್ಟೆಯನ್ನು ಮರುಮುದ್ರಿಸುತ್ತಿಲ್ಲ, ಹೊಸದಾಗಿ ಹಾಡುತ್ತಿದ್ದೀರಿ. ನಿಮಗೆ ಬೇಕಾಗಿರುವುದು ಉಳಿದ ಎರಡು ಪದರಗಳು, ಮುಕ್ತವಾಗದೆ ಉಳಿದಿರುವುದೂ ಅವೇ. ಕಾಳಿಂಗರಾಯರು 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡವರು. ಅಂದಮೇಲೆ ಅವರು ಹಾಕಿದ ರಾಗ ಸಂಯೋಜನೆಗಳ ಹಕ್ಕು 2041ರ ಕೊನೆಯವರೆಗೆ ಜೀವಂತ. ಬೇಂದ್ರೆಯವರೂ ತೀರಿಕೊಂಡದ್ದು 1981ರಲ್ಲೇ, ಅವರ ಪದ್ಯಗಳಿಗೂ ಅದೇ ಗಡುವು. ಜಿ.ಪಿ. ರಾಜರತ್ನಂ 1979, ಆದ್ದರಿಂದ 2039ರ ಕೊನೆ. ಡಿ.ವಿ.ಜಿ. 1975, ಅಂದರೆ 2035. ಹುಯಿಲಗೋಳ ನಾರಾಯಣರಾಯರು 1971, ಅಂದರೆ 2031. ನಮ್ಮ ಕಡೆಂಗೋಡ್ಲು ಶಂಕರಭಟ್ಟರು 1968, ಅಂದರೆ 2028. ಕುವೆಂಪು ಅವರ ಪದ್ಯಗಳಿಗೆ 2054ರವರೆಗೆ ಕಾಯಬೇಕು. ಇನ್ನೊಂದು ಕಡೆ ಪಂಜೆ ಮಂಗೇಶರಾಯರು 1937ರಲ್ಲೇ ಹೋದವರು, ಬಿ.ಎಂ.ಶ್ರೀ. 1946ರಲ್ಲಿ, ಇಬ್ಬರ ಪದ್ಯಗಳೂ ಮುಕ್ತವಾಗಿ ಎಷ್ಟೋ ಕಾಲವಾಯಿತು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ ಅವರ ಪದ್ಯಗಳು 2024ರ ಜನವರಿ 1ರಿಂದ ಎಲ್ಲರ ಆಸ್ತಿ. ದಾಸರ ಪದಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಪುರಂದರದಾಸರ ಪದ ಮುಕ್ತ, ಆದರೆ ಅದೇ ಪದಕ್ಕೆ ಕಾಳಿಂಗರಾಯರು ಹಾಕಿದ ಧಾಟಿ ಮುಕ್ತವಲ್ಲ. ಕುಣಿಗಲ್ ಕೆರೆಯ ಹಾಡು ಜಾನಪದ, ಸಾಲಿಗೂ ಮೂಲ ಮಟ್ಟಿಗೂ ಒಡೆಯರಿಲ್ಲ. ಆದರೆ ಚರಣಗಳ ನಡುವೆ ಬರುವ ವಾದ್ಯದ ತುಣುಕುಗಳು, ಹಿನ್ನೆಲೆಯ ಹೆಣ್ಣುಧ್ವನಿಗಳು ಪಲ್ಲವಿಯನ್ನು ಎತ್ತಿಕೊಳ್ಳುವ ರೀತಿ ಇವು ಯಾರೋ ಕೂತು ಯೋಚಿಸಿ ಕಟ್ಟಿದವು. ಜಾನಪದ ಎಂದುಕೊಂಡು ಅವನ್ನೂ ಹಾಗೆಯೇ ಎತ್ತಿಕೊಳ್ಳುವುದು ಸರಿಯಲ್ಲ.

ಮೂಲ ಗಾಯಕರ ಹೆಸರು ಹಾಕಿದರೆ ಸಾಕು, ಲಾಭಕ್ಕಲ್ಲ ಎಂದು ಬರೆದರೆ ಸಾಕು, 30 ಸೆಕೆಂಡಿನೊಳಗೆ ಬಳಸಿದರೆ ತಪ್ಪಲ್ಲ: ಈ ಮೂರಕ್ಕೂ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಆಧಾರವಿಲ್ಲ. ಹೆಸರು ಹಾಕುವುದು ಸೌಜನ್ಯ, ಅದು ಅನುಮತಿಯಲ್ಲ.

ಹಾಗಾದರೆ ಯಾರು ಬೇಕಾದರೂ ಹಾಡಿ ಹೊರತರಬಹುದು ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಊರಿದ್ದು ಎಲ್ಲಿಂದ? ಕ್ಯಾಸೆಟ್ ಕಾಲದಿಂದ. 1980, 90ರ ದಶಕಗಳಲ್ಲಿ ಮುಖೇಶ್, ರಫಿ, ಕಿಶೋರ್ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿದ ಕ್ಯಾಸೆಟ್‌ಗಳು ಹಂಪನಕಟ್ಟೆಯ ಅಂಗಡಿಗಳಿಂದ ಹಿಡಿದು ಬಸ್‌ಸ್ಟ್ಯಾಂಡಿನ ಗೂಡಂಗಡಿಗಳವರೆಗೆ ತುಂಬಿದ್ದವು. ಸೋನು ನಿಗಮ್ ಅವರನ್ನು ಮೊದಲು ಜನ ಕೇಳಿದ್ದು ರಫಿಯ ಹಾಡುಗಳಲ್ಲಿ. ಮೂಲ ಮುದ್ರಣವಾಗಿ ಎರಡು ವರ್ಷ ಕಳೆದಿದ್ದರೆ, ಮೊದಲೇ ತಿಳಿಸಿ ಗೌರವಧನ (ರಾಯಲ್ಟಿ) ಕಟ್ಟಿ ಮರುಹಾಡಲು ಅಂದಿನ ಕಾಯಿದೆಯಲ್ಲಿ ಒಂದು ಕಿಂಡಿ ಇತ್ತು. ಜನ ಕಿಂಡಿಯನ್ನು ನೆನಪಿಟ್ಟುಕೊಂಡರು, ತಿಳಿಸುವುದನ್ನೂ ಕಟ್ಟುವುದನ್ನೂ ಮರೆತರು.

ನಾವೂ ಮರೆತವರೇ. ತೊಂಬತ್ತರ ದಶಕದ ನಡುವೆ ನಾನು ವಾದ್ಯ ಸಂಯೋಜಿಸಿದ ಒಂದು ನಮನದ ಕ್ಯಾಸೆಟ್ ಹೀಗೆಯೇ ಹೊರಬಂತು. ಮುಖಪುಟದ ತುಂಬ ಮೂಲ ಗಾಯಕರ ಭಾವಚಿತ್ರ, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮವರ ಹೆಸರು. ಮೂರನೆಯ ತಿಂಗಳಿಗೆ ಕಂಪನಿಯೊಂದರ ವಕೀಲರಿಂದ ನೋಟಿಸು ಬಂತು. ಜಗಳ ಕೋರ್ಟಿಗೆ ಹೋಗಲಿಲ್ಲ, ಆದರೆ ಮಾರಾಟ ಅಂದೇ ನಿಂತಿತು. ರಟ್ಟಿನ ಪೆಟ್ಟಿಗೆಗಳು ಎರಡು ಮಳೆಗಾಲ ಅಟ್ಟದಲ್ಲಿದ್ದು ಟೇಪಿಗೆಲ್ಲ ಬೂಷ್ಟು ಹಿಡಿಯಿತು. ಅದರಲ್ಲಿ ಹಾಡಿದ್ದ ಒಬ್ಬ ಹುಡುಗಿಗೆ ಅದೇ ಮೊದಲ ಧ್ವನಿಮುದ್ರಣ. ಆಕೆಯ ಮುಖ ನನಗೆ ಇಂದಿಗೂ ನೆನಪಿದೆ. ನಿಮಗೆ ಇಷ್ಟು ಉದ್ದವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

2012ರ ತಿದ್ದುಪಡಿ ಆ ಹಳೆಯ ಕಿಂಡಿಯನ್ನು ಮುಚ್ಚಿ, ಕಲಂ 31ಸಿ ಎಂಬ ಹೊಸ ಬಾಗಿಲು ಇಟ್ಟಿತು. ಮೂಲ ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿದ್ದರೆ, ಹಕ್ಕುದಾರರ ಒಪ್ಪಿಗೆಗೆ ಕಾಯದೆ ಮರುಹಾಡಿ ಹೊರತರಬಹುದು. ಕನಿಷ್ಠ 15 ದಿನ ಮೊದಲು ಹಕ್ಕುದಾರರಿಗೂ ಹಕ್ಕುಸ್ವಾಮ್ಯ ರಿಜಿಸ್ಟ್ರಾರರಿಗೂ ನೋಟಿಸು ಕೊಡಬೇಕು, ಮುಖಪುಟ ಮತ್ತು ಲೇಬಲ್ಲುಗಳ ಪ್ರತಿಯನ್ನು ಮುಂಗಡವಾಗಿ ಒಪ್ಪಿಸಬೇಕು, ಗೌರವಧನವನ್ನೂ ಮುಂಗಡವಾಗಿ ಕಟ್ಟಬೇಕು. ಕೇಳಲು ಸುಲಭ. ಆದರೆ ಒಂದೊಂದು ಕೃತಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಗೌರವಧನ ಕಟ್ಟಬೇಕೆಂಬುದು ನಿಯಮ. ಪ್ರಸಾರ ಕಡಿಮೆ ಇರುವ ಭಾಷೆಗಳಿಗೆ ಈ ಮಿತಿಯನ್ನು ಇಳಿಸುವ ಅವಕಾಶ ಕಾಯಿದೆಯಲ್ಲಿದೆ. ಆದರೆ ಇಳಿಸಿಕೊಡಿ ಎಂದು ಅರ್ಜಿ ಹಿಡಿದು ಹೋಗುವುದು ಎಂಟು ಮಂದಿಯ ಬಳಗಕ್ಕೆ ಆಗುವ ಕೆಲಸವಲ್ಲ. ಐನೂರು ಸಿಡಿ ಮಾಡಿಸುವವರು ಐವತ್ತು ಸಾವಿರದ ಲೆಕ್ಕ ಕಟ್ಟಬೇಕಾಗುತ್ತದೆ. ಜೊತೆಗೆ ಈ ಕಲಂ ಬರೆದದ್ದು ಕ್ಯಾಸೆಟ್, ಸಿಡಿಯಂಥ ಪ್ರತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮೊಬೈಲಿನಲ್ಲಿ ಕೇಳಿಸುವ ಸೇವೆಗಳಿಗೆ ಇದನ್ನು ನೆಚ್ಚಿಕೊಂಡು ಹೊರಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಬಹಳ ಮಂದಿ ಗಮನಿಸದಿರುವುದು, ಇನ್ನೊಂದು ಷರತ್ತು. 31ಸಿ ಅಡಿಯಲ್ಲಿ ಹೊರತಂದ ಮರುಹಾಡಿನ ಹೊದಿಕೆಯ ಮೇಲೆ ಮೂಲ ಗಾಯಕರ ಹೆಸರನ್ನು ಹಾಕುವಂತಿಲ್ಲ, ಅವರ ಚಿತ್ರವನ್ನೂ ಯಾವ ರೀತಿಯಲ್ಲೂ ತೋರಿಸುವಂತಿಲ್ಲ. ಕೊಳ್ಳುವವರು ಇದೇ ಮೂಲವೆಂದು ಮೋಸಹೋಗಬಾರದು ಎಂಬ ಉದ್ದೇಶ ನ್ಯಾಯವಾದದ್ದೇ. ಆದರೆ ಪರಿಣಾಮ ನೋಡಿ. ಕಾಳಿಂಗರಾಯರಿಗೆ ನಮಿಸುವ ಗುಚ್ಛದ ಮೇಲೆ ಕಾಳಿಂಗರಾಯರ ಹೆಸರೇ ಇರಬಾರದು! ಯಾರಿಗೆ ಕೈ ಮುಗಿಯುತ್ತಿದ್ದೀರಿ ಎಂದು ಹೇಳದೆ ಕೈ ಮುಗಿಯಬೇಕು. ಅಲ್ಲಿಗೆ ಈ ಬಾಗಿಲು ನಿಮ್ಮದಲ್ಲ.

ನಿಮಗಿರುವ ದಾರಿ ಹಕ್ಕುದಾರರನ್ನು ಕಂಡು, ಕೇಳಿ, ಬರವಣಿಗೆಯಲ್ಲಿ ಅನುಮತಿ ಪಡೆಯುವುದು. ಬಾಯಿಮಾತಿನ ಒಪ್ಪಿಗೆ ಎಷ್ಟೇ ಪ್ರೀತಿಯದಾದರೂ ಸಾಲದು, ಪರವಾನಗಿ ಲಿಖಿತವಾಗಿಯೇ ಇರಬೇಕು. ಒಂದೊಂದು ಹಾಡಿಗೆ ಒಂದೊಂದು ಹಾಳೆ ಇಟ್ಟುಕೊಳ್ಳಿ. ಪದ್ಯ ಯಾರದು, ರಾಗ ಯಾರದು, ಮೊದಲು ಮುದ್ರಿಸಿದ ಕಂಪನಿ ಯಾವುದು ಎಂದು ಬರೆಯಿರಿ. ಹಳೆಯ ತಟ್ಟೆಯ ಲೇಬಲ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನಂತರ ಕವಿಯ ಮನೆಯವರಿಗೋ ಅವರ ಹೆಸರಿನ ಟ್ರಸ್ಟಿಗೋ, ರಾಗದ ಹಕ್ಕು ಹೊಂದಿರುವವರಿಗೋ ಪತ್ರ ಬರೆಯಿರಿ. ರಾಗದ ಹಕ್ಕು ಸಂಯೋಜಕರ ಕುಟುಂಬದಲ್ಲೇ ಉಳಿದಿದೆಯೋ ಕಂಪನಿಗೆ ವರ್ಗವಾಗಿದೆಯೋ ಎಂಬುದು ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಒಬ್ಬರು ಒಪ್ಪಿದರೆಂದು ಇನ್ನೊಬ್ಬರನ್ನು ಬಿಡಬೇಡಿ.

ಪತ್ರದಲ್ಲಿ ಮುಚ್ಚುಮರೆ ಬೇಡ. ಯಾವ ಹಾಡು, ಯಾರು ಹಾಡುತ್ತಾರೆ, ಎಷ್ಟು ಸಿಡಿ, ಯಾವ ಯಾವ ಅಂತರ್ಜಾಲ ಸೇವೆಗಳಲ್ಲಿ, ಎಷ್ಟು ವರ್ಷಕ್ಕೆ, ಮುಖಪುಟದಲ್ಲಿ ಕಾಳಿಂಗರಾಯರ ಹೆಸರು ಮತ್ತು ಭಾವಚಿತ್ರ ಬಳಸುತ್ತೀರೋ, ಯಾವುದಾದರೂ ಚರಣ ಬಿಡುತ್ತೀರೋ, ಬಂದ ಹಣ ಏನಾಗುತ್ತದೆ, ಅವರಿಗೆ ಎಷ್ಟು ಕೊಡಬಲ್ಲಿರಿ, ಎಲ್ಲವನ್ನೂ ಬರೆಯಿರಿ. ‘ಎಲ್ಲ ಮಾಧ್ಯಮಗಳಲ್ಲಿ’ ಎಂದು ಒಂದೇ ಪದದಲ್ಲಿ ಹಾರಿಸಬೇಡಿ, ಮುಂದೆ ತಕರಾರು ಬರುವುದೇ ಅಂಥ ಪದದಿಂದ. ಭಾವಚಿತ್ರದ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕರದು ಎಂಬುದೂ ನೆನಪಿರಲಿ. ಎಲ್ಲಿಂದಲೋ ಇಳಿಸಿಕೊಂಡ ಚಿತ್ರ ಬೇಡ. ಕವಿಗಳ ಮನೆಗಳಿಗೆ ನಾನು ಹೀಗೆ ಹೋದಾಗೆಲ್ಲ ಮೊದಲು ಎದುರಾದ ಪ್ರಶ್ನೆ ಹಣದ್ದಲ್ಲ, ‘ಪದ ತಪ್ಪದೆ ಹಾಡುತ್ತೀರಿ ತಾನೇ?’ ಎಂಬುದು. ಎರಡು ಕಡೆ ಬಿಡಿಕಾಸೂ ತೆಗೆದುಕೊಳ್ಳದೆ, ಹಾಡಿದ್ದನ್ನು ಮೊದಲು ಕೇಳಿಸಬೇಕೆಂಬ ಒಂದೇ ಷರತ್ತು ಹಾಕಿದರು. ಕಂಪನಿಗಳ ವ್ಯವಹಾರ ಬೇರೆ. ಅಲ್ಲಿ ದರ ಇರುತ್ತದೆ, ವಿಳಂಬವೂ ಇರುತ್ತದೆ. ನಾಲ್ಕೈದು ತಿಂಗಳು ಉತ್ತರ ಬರದಿದ್ದರೆ ಆ ಹಾಡನ್ನು ಬಿಟ್ಟುಬಿಡಿ. ಉತ್ತರವಿಲ್ಲದಿರುವುದು ಒಪ್ಪಿಗೆಯಲ್ಲ.

ಯೂಟ್ಯೂಬಿನ ಸೂಚನೆಯ ಬಗ್ಗೆ. ಅಲ್ಲಿ ಎರಡು ಬಗೆ ಇವೆ, ಜನ ಎರಡನ್ನೂ ಒಂದೇ ಎಂದು ತಿಳಿದು ನಡುಗುತ್ತಾರೆ. ಒಂದು ಕ್ಲೇಮ್. ಧ್ವನಿಯನ್ನೋ ಮಟ್ಟನ್ನೋ ಯಂತ್ರವೇ ಗುರುತಿಸಿ ‘ಇದರಲ್ಲಿ ಇಂಥವರ ಸ್ವತ್ತಿದೆ’ ಎಂದು ಹೇಳುವುದು. ಸಾಮಾನ್ಯವಾಗಿ ವಿಡಿಯೋ ಅಲ್ಲೇ ಇರುತ್ತದೆ, ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ. ಇನ್ನೊಂದು ಸ್ಟ್ರೈಕ್. ಹಕ್ಕುದಾರರು ಕಾನೂನುಬದ್ಧವಾಗಿ ಕೇಳಿ ವಿಡಿಯೋ ತೆಗೆಸುವುದು. 90 ದಿನಗಳಲ್ಲಿ ಅಂಥ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ಎರಡೇ ದಿನದಲ್ಲಿ ಬಂದದ್ದು ಎಂದರೆ ನಿಮಗೆ ಬಂದದ್ದು ಬಹುಶಃ ಕ್ಲೇಮ್. ಅದು ಕೋರ್ಟಿನ ಕಾಗದವಲ್ಲ. ಹಾಗೆಂದು ಕ್ಲೇಮ್ ಬಂದು ಸುಮ್ಮನಾಯಿತು, ಆದ್ದರಿಂದ ಅನುಮತಿ ಸಿಕ್ಕಿತು ಎಂದೂ ಅರ್ಥವಲ್ಲ. ಆ ಹಕ್ಕುದಾರರು ನಾಳೆ ಮನಸ್ಸು ಬದಲಿಸಬಹುದು, ಹಾಡಿನ ಇನ್ನೊಂದು ಪದರದ ಒಡೆಯರು ಬೇರೆಯೇ ಇರಬಹುದು. ಯಂತ್ರ ತಪ್ಪುವುದೂ ಉಂಟು. ದಾಸರ ಪದವನ್ನು ನಿಮ್ಮದೇ ಧಾಟಿಯಲ್ಲಿ ಹಾಡಿದರೂ ಯಾರದೋ ಮುದ್ರಣಕ್ಕೆ ತಾಳೆ ಹಾಕಿ ಕ್ಲೇಮ್ ಕಳುಹಿಸಬಹುದು. ಆಗ ಹೆದರದೆ ತಕರಾರು ಸಲ್ಲಿಸಬಹುದು, ಆ ಹೊತ್ತಿಗೆ ಕೈಯಲ್ಲಿ ಈ ಹಾಳೆಗಳಿರಬೇಕು.

ಇನ್ನು ನಿಮ್ಮ ಎರಡನೆಯ ಹೆದರಿಕೆ. ನನಗೆ ಹೆಚ್ಚು ಹೇಳಲಿಕ್ಕಿರುವುದೂ ಇಲ್ಲೇ.

ಗೀತನಮನಗಳು ಅಣಕವಾಗುವುದಕ್ಕೆ ಮುಖ್ಯ ಕಾರಣ ಪ್ರತಿಭೆ ಕಡಿಮೆ ಇರುವುದಲ್ಲ, ತಪ್ಪಾದ್ದನ್ನು ಅನುಕರಿಸುವುದು. ಅರಗಿನ ಹಳೆಯ ತಟ್ಟೆಗಳಿಗೆ ಕೆಳಗಿನ ಗುಂಗೂ ಮೇಲಿನ ಹೊಳಪೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ನಡುವಿನ ಧ್ವನಿ ಮಾತ್ರ ಮುಂದೆ ಬಂದು, ಎಂಥ ತುಂಬುಕಂಠವೂ ಸ್ವಲ್ಪ ಮೂಗಿನಿಂದ ಬಂದಂತೆ ಕೇಳಿಸುತ್ತದೆ. ಅನುಕರಿಸುವವರು ಅದನ್ನೇ ಗಾಯಕರ ಕಂಠವೆಂದು ತಿಳಿದು ಮೂಗಿನಲ್ಲಿ ಹಾಡುತ್ತಾರೆ. ಅವರು ಹಾಡುತ್ತಿರುವುದು ತಟ್ಟೆಯನ್ನು, ಕಾಳಿಂಗರಾಯರನ್ನಲ್ಲ. ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ ರಂಗದ ಮೇಲೆ ಹಾಡಿ ಬೆಳೆದವರು ಅವರು. ಅಂಥವರ ಕಂಠ ತೆರೆದ ಕಂಠ, ಪದಗಳು ಕೊನೆಯ ಸಾಲಿನವರಿಗೆ ಮುಟ್ಟಬೇಕೆಂದು ಎಸೆದ ಪದಗಳು.

ಶ್ರುತಿಯ ವಿಷಯದಲ್ಲೂ ತಟ್ಟೆಯನ್ನು ಪೂರ್ತಿ ನಂಬಬೇಡಿ. ತಿರುಗುವ ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಹಾಡು ಅರ್ಧ ಸ್ವರ ಮೇಲೇರುತ್ತದೆ, 78ರ ಬದಲು 82, 83ಕ್ಕೆ ತಿರುಗಿದರೆ ಸಾಕು. ಅಂತರ್ಜಾಲದಲ್ಲಿ ಸಿಗುವ ಒಂದೇ ಹಾಡಿನ ಎರಡು ಪ್ರತಿಗಳನ್ನು ಹಾರ್ಮೋನಿಯಂ ಇಟ್ಟುಕೊಂಡು ಹೋಲಿಸಿ ನೋಡಿ, ಒಂದು ಎರಡನೆಯ ಬಿಳಿ ಮನೆಯ ಶ್ರುತಿಯಲ್ಲೂ ಇನ್ನೊಂದು ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲೂ ಸಿಗಬಹುದು. ಅವರ ಶ್ರುತಿ ಎಂದುಕೊಂಡು ಇನ್ಯಾರೋ ತಿರುಗಿಸಿದ ಯಂತ್ರದ ಶ್ರುತಿಗೆ ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಹಾಡಿನ ಉದ್ದವೂ ಹಾಗೆಯೇ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಆರು ನುಡಿಯ ಪದ್ಯದಲ್ಲಿ ಮೂರೇ ನುಡಿ ಹಾಡಿದ್ದರೆ ಉಳಿದವು ಬೇಡವೆಂದಲ್ಲ, ಜಾಗವಿರಲಿಲ್ಲ. ನಿಮಗೆ ಜಾಗವಿದೆ. ಕವಿಯ ಮನೆಯವರು ಒಪ್ಪಿದರೆ ಬಿಟ್ಟುಹೋದ ಒಂದು ನುಡಿಯನ್ನು ಅದೇ ಮಟ್ಟಿನಲ್ಲಿ ಸೇರಿಸಿ. ಕೇಳುಗರಿಗೆ ನೀವು ಕೊಡಬಹುದಾದ ಹೊಸತು ಬೀಟ್‌ಗಿಂತ ಇದು.

ನಿಮ್ಮಲ್ಲಿ ಐವರು ಹೆಂಗಸರು ಎಂಬುದನ್ನು ನೀವು ಕೊರತೆಯಂತೆ ಬರೆದಿದ್ದೀರಿ ಎಂದು ನನಗನಿಸಿತು. ಅದೇ ನಿಮ್ಮ ಬಲ. 1992ರಲ್ಲಿ ಲತಾ ಮಂಗೇಶ್ಕರ್ ‘ಶ್ರದ್ಧಾಂಜಲಿ’ ಎಂಬ ಗುಚ್ಛದಲ್ಲಿ ಸೈಗಲ್, ಪಂಕಜ್ ಮಲ್ಲಿಕ್, ಮುಖೇಶ್, ಕಿಶೋರ್, ಹೇಮಂತ್ ಕುಮಾರ್ ಮೊದಲಾದವರ ಹಾಡುಗಳನ್ನು ಹಾಡಿದರು. ಸೈಗಲರ ಮಂದ್ರವನ್ನು ಅವರು ತಮ್ಮ ಗಂಟಲಿಗೆ ತುರುಕಲು ಹೋಗಲಿಲ್ಲ. ತಮ್ಮ ಶ್ರುತಿಗೆ ಎತ್ತಿಕೊಂಡು ತಮ್ಮಂತೆಯೇ ಹಾಡಿದರು. ಗಂಡಸಿನ ಹಾಡನ್ನು ಹೆಂಗಸು ಹಾಡುವಾಗ ಅನುಕರಣೆಯ ದಾರಿ ತಾನಾಗಿ ಮುಚ್ಚುತ್ತದೆ, ಉಳಿಯುವುದು ಹಾಡು ಮಾತ್ರ. ಬಿಳಿ ಐದೋ ಕಪ್ಪು ನಾಲ್ಕೋ, ನಿಮಗೆ ಒಗ್ಗುವ ಶ್ರುತಿಯಲ್ಲಿ ಹಾಡಿ. ಕಾಳಿಂಗರಾಯರ ಜೊತೆ ವರ್ಷಗಟ್ಟಲೆ ಹಾಡಿದ ಸೋದರಿಯರು ಮೋಹನಕುಮಾರಿ, ಸೋಹನಕುಮಾರಿ. ಆ ಹಾಡುಗಳ ನೆನಪಿನಲ್ಲಿ ಹೆಣ್ಣುಧ್ವನಿಗೆ ಮೊದಲಿನಿಂದಲೂ ಜಾಗವಿದೆ. ಅವರ ಹೆಸರನ್ನೂ ನಿಮ್ಮ ನಮನದಲ್ಲಿ ಬರೆಯಿರಿ, ಅನೇಕರು ಬರೆಯುವುದಿಲ್ಲ.

ಕರಾವಳಿಯ ಗಾಯಕರಿಗೆ ವಿಶೇಷವಾಗಿ ಒಂದು ಮಾತು. ನಮ್ಮ ಕನ್ನಡ ಪುಸ್ತಕದ ಕನ್ನಡಕ್ಕೆ ಹತ್ತಿರ. ಮನೆಯಲ್ಲಿ ತುಳುವನ್ನೋ ಕುಂದಾಪುರದ ಮಾತನ್ನೋ ಕೊಂಕಣಿಯನ್ನೋ ಆಡುತ್ತೇವೆ, ಕನ್ನಡವನ್ನು ಶಾಲೆಯಲ್ಲಿ ಕಲಿತಂತೆ ಅಚ್ಚುಕಟ್ಟಾಗಿ ಉಚ್ಚರಿಸುತ್ತೇವೆ. ರಾಜರತ್ನಂ ಅವರ ರತ್ನನ ಪದಗಳು ಬಂದಾಗ ಇದು ತೊಡಕಾಗುತ್ತದೆ. ಅವುಗಳನ್ನು ಹಾಡುವ ರತ್ನ ಕುಡುಕ, ಅವನ ಬಾಯಲ್ಲಿ ಹೆಂಡ ‘ಯೆಂಡ’ವಾಗಿಯೇ ಬರಬೇಕು. ಅಭ್ಯಾಸಬಲದಿಂದ ನೀವು ಅದನ್ನು ಶುದ್ಧಗೊಳಿಸಿದರೆ ರತ್ನ ಸತ್ತಂತೆ. ಶಿಕ್ಷಕಿಯಾಗಿದ್ದವರಿಗೆ ಇದು ಇನ್ನೂ ಕಷ್ಟ, ಆದರೆ ದಯವಿಟ್ಟು ತಿದ್ದಬೇಡಿ. ಕಾಯಿದೆಯ ಕಲಂ 57 ಕೂಡ ನಿಮ್ಮನ್ನು ತಡೆಯುತ್ತದೆ. ಹಕ್ಕನ್ನು ಮಾರಿದ ಮೇಲೂ, ತನ್ನ ಗೌರವಕ್ಕೆ ಧಕ್ಕೆ ತರುವಂತೆ ಕೃತಿಯನ್ನು ತಿರುಚಿದರೆ ಪ್ರಶ್ನಿಸುವ ಅಧಿಕಾರ ಕರ್ತೃವಿಗೆ ಉಳಿದಿರುತ್ತದೆ. ಅವರ ನಂತರ ವಾರಸುದಾರರೂ ಅದನ್ನು ಚಲಾಯಿಸಬಹುದು.

ಬೀಟ್ ಬೇಕೆನ್ನುವ ನಿಮ್ಮ ಮಗನ ಮಾತನ್ನು ತಳ್ಳಿಹಾಕಬೇಡಿ. ಕಾಳಿಂಗರಾಯರೂ ತಮ್ಮ ಕಾಲಕ್ಕೆ ಹೊಸಬರೇ. ಕವಿತೆಯನ್ನು ವಾದ್ಯವೃಂದದೊಡನೆ ಸಭಿಕರ ಮುಂದೆ ಹಾಡಬಹುದು ಎಂಬುದೇ ಅಂದು ಹೊಸತಾಗಿತ್ತು. ಹೊಸ ವಾದ್ಯ ಸಂಯೋಜನೆಗೆ ನನ್ನ ವಿರೋಧವಿಲ್ಲ, ಅನುಮತಿ ಪತ್ರದಲ್ಲಿ ಅದನ್ನು ಮೊದಲೇ ಬರೆದಿರಬೇಕು ಅಷ್ಟೇ. ಆದರೆ ಭಾವಗೀತೆಯಲ್ಲಿ ಉಸಿರು ಬೀಳುವ ಜಾಗ ಪದ್ಯದ ಅರ್ಥ ಹೇಳಿದಲ್ಲಿ, ತಾಳ ಹೇಳಿದಲ್ಲಲ್ಲ. ಕಂಪ್ಯೂಟರಿನ ಬೀಟ್ ಒಂದೇ ವೇಗದಲ್ಲಿ ಓಡುತ್ತದೆ, ಗಾಯಕಿ ಅದರ ಹಿಂದೆ ಓಡಬೇಕಾಗುತ್ತದೆ. ಮೊದಲು ಧ್ವನಿ, ತಬಲ, ಹಾರ್ಮೋನಿಯಂ ಮೂರನ್ನೇ ಒಟ್ಟಿಗೆ ಕೂತು ಮುದ್ರಿಸಿ. ಅದರ ಮೇಲೆ ಗಿಟಾರೋ ಕೊಳಲೋ ಬೇಕಾದದ್ದನ್ನು ಸೇರಿಸಲು ಮಗನಿಗೆ ಕೊಡಿ. ಉಲ್ಟಾ ಮಾಡಬೇಡಿ, ಸಿದ್ಧವಾದ ಟ್ರ್ಯಾಕಿನ ಮೇಲೆ ಹಾಡಿದ್ದು ಕರೋಕೆಯಾಗುತ್ತದೆ.

ಎಐ ಧ್ವನಿ ಬೇಡವೇ ಬೇಡ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಹೀಗೆ ಮರುಸೃಷ್ಟಿಸಿದ ಒಂದು ತೆಲುಗು ಚಿತ್ರತಂಡಕ್ಕೆ ಅವರ ಕುಟುಂಬ 2024ರಲ್ಲಿ ನೋಟಿಸು ಕೊಟ್ಟಿತು. ಅದೇ ವರ್ಷ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಎಐ ಮೂಲಕ ನಕಲು ಮಾಡದಂತೆ ಬಾಂಬೆ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಕಾನೂನು ಒಂದು ಕಡೆ ಇರಲಿ. ತಾನು ಹಾಡದ ಸಾಲನ್ನು ಹಾಡಿದಂತೆ ತೋರಿಸುವಾಗ ಬೇಡವೆನ್ನಲು ಕಾಳಿಂಗರಾಯರು ಇಲ್ಲ. ಅವರ ಧ್ವನಿ ಕೇಳಿಸಲೇಬೇಕೆಂದಿದ್ದರೆ 1964ರೊಳಗಿನ ಒಂದು ತಟ್ಟೆಯಿಂದ ನಾಲ್ಕು ಕ್ಷಣ ಕೇಳಿಸಿ. ಪದ್ಯ ಮತ್ತು ರಾಗದ ಅನುಮತಿ ಪತ್ರದಲ್ಲಿ ಆ ತುಣುಕನ್ನೂ ಸೇರಿಸಿಕೊಳ್ಳಿ. ತಟ್ಟೆಯ ಸರಸರ ಸದ್ದನ್ನು ಅಳಿಸಬೇಡಿ.

ಕೆಲಸದ ಹೊತ್ತಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮುದ್ರಣ ಇಟ್ಟುಕೊಳ್ಳಬೇಡಿ. ತಗಡಿನ ಮೇಲಿನ ಮಳೆಯ ಸದ್ದನ್ನು ಯಾವ ಸ್ಟುಡಿಯೋ ಗೋಡೆಯೂ ಪೂರ್ತಿ ತಡೆಯುವುದಿಲ್ಲ. ತಬಲದ ಚರ್ಮ ತೇವ ಹೀರಿ ಒಂದು ಹಾಡು ಮುಗಿಯುವುದರೊಳಗೆ ಶ್ರುತಿ ಇಳಿಯುತ್ತದೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ಅದು ಮುಗಿಯುವ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿಯ ಮೈಕುಗಳ ಕಾಟ ಇದ್ದದ್ದೇ, ಹಾಗಾಗಿ ಹಗಲಿನ ಹೊತ್ತನ್ನೇ ಹಿಡಿಯಿರಿ. ಬಿಡುಗಡೆಯ ಕಾರ್ಯಕ್ರಮಕ್ಕೆ ಟಿಕೆಟ್ ಇಲ್ಲದಿದ್ದರೆ, ನೀವು ಹವ್ಯಾಸಿ ಬಳಗವಾಗಿ ಉಚಿತವಾಗಿ ಹಾಡುವುದಕ್ಕೆ ಕಾಯಿದೆಯ ಕಲಂ 52ರಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಸಾರ್ವಜನಿಕ ಪ್ರದರ್ಶನದ ಪರವಾನಗಿಗೆ ಗೀತರಚನೆಕಾರರ, ಸಂಯೋಜಕರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯನ್ನು ಕೇಳಬೇಕು. ವೇದಿಕೆಯ ಈ ವಿನಾಯಿತಿ ಧ್ವನಿಮುದ್ರಣಕ್ಕೆ ಅನ್ವಯಿಸುವುದಿಲ್ಲ, ಎರಡನ್ನೂ ಬೆರೆಸಬೇಡಿ.

ಹತ್ತು ಹಾಡು ಎಂದಿದ್ದೀರಿ. ನಾನು ಆರು ಎನ್ನುತ್ತೇನೆ. ಹತ್ತು ಹಾಡಿಗೆ ಇಪ್ಪತ್ತು ಕಡೆ ಪತ್ರ ಬರೆಯಬೇಕಾದೀತು, ನಿಮ್ಮ ಹಣವೂ ಹತ್ತು ಕಡೆ ಹರಿದು ತೆಳುವಾಗುತ್ತದೆ. ಕಾಲುಭಾಗವನ್ನು ಅನುಮತಿಗೆ, ಇನ್ನೊಂದು ಕಾಲುಭಾಗವನ್ನು ಮುದ್ರಣದ ನಂತರದ ಮಿಕ್ಸಿಂಗ್ ಕೆಲಸಕ್ಕೆ ತೆಗೆದಿಡಿ. ಉಳಿದದ್ದರಲ್ಲಿ ಪಕ್ಕವಾದ್ಯದವರಿಗೆ ಸರಿಯಾದ ಸಂಭಾವನೆ ಕೊಟ್ಟು ಆರು ಹಾಡು ಮಾಡಬಹುದು. ಒಂದೋ ಎರಡೋ ಜಾನಪದ, ದಾಸರದೊಂದು, ಅನುಮತಿ ಸಿಕ್ಕರೆ ಬೇಂದ್ರೆ ಮತ್ತು ರಾಜರತ್ನಂ. ಆರನೆಯದು ಅವರು ಹಾಡಿದ ಹಾಡೇ ಆಗಿರಬೇಕಾಗಿಲ್ಲ. ಕವಿಯ ಪುಸ್ತಕದಲ್ಲಿ ಮಲಗಿದ್ದ ಪದ್ಯವನ್ನು ಎಬ್ಬಿಸಿ, ಅದಕ್ಕೆ ಮಟ್ಟು ಹಾಕಿ, ಜನರ ಬಾಯಿಗೆ ತಂದದ್ದು ಅವರು ಜೀವಮಾನವಿಡೀ ಮಾಡಿದ ಕೆಲಸ. ಪಂಜೆಯವರದೋ ಗೋವಿಂದ ಪೈಗಳದೋ, ಇನ್ನೂ ಯಾರೂ ಹಾಡದ ಒಂದು ಪದ್ಯವನ್ನು ಹುಡುಕಿ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಒಂದು ದಿನ ಕೂತು ನೋಡಿ. ಸಿಕ್ಕಿದ ಪದ್ಯಕ್ಕೆ ನಿಮ್ಮ ಬಳಗವೇ ಮಟ್ಟು ಹಾಕಲಿ. ಅದಕ್ಕೆ ಯಾರ ಪತ್ರಕ್ಕೂ ಕಾಯಬೇಕಾಗಿಲ್ಲ. ಉಳಿದ ಐದರ ಉತ್ತರಗಳು ಬರುವುದರೊಳಗೆ, ಈ ನವೆಂಬರಿನಲ್ಲೇ, ಅದೊಂದನ್ನು ಮುದ್ರಿಸಿ ಮುಗಿಸಬಹುದು.